ಟಿಸಿ ಇಲ್ಲ, ಸೀಟಿಲ್ಲ ಅಂತ ಶಾಲೆಯವರು ವಾಪಸ್ ಕಳಿಸಿದರೆ ಮೇಲ್ಮನವಿ ಯಾರಿಗೆ? (ಶಿರಾ)

ಶಿರಾ ಪೇಟೆ:

ಗೌರಿಬಿದನೂರು ತಾಲ್ಲೂಕಿನಿಂದ ಶಿರಾ ಟೌನಿಗೆ ಕೆಲಸಕ್ಕೆ ಬಂದಿರೋ ಒಂದು ಕುಟುಂಬದ ಪರವಾಗಿ ಕೇಳ್ತಿದ್ದೀನಿ. ಇಬ್ಬರು ಮಕ್ಕಳು.

ದೊಡ್ಡವಳು 5ನೇ ತರಗತಿ ಮುಗಿಸಿದ್ದಾಳೆ, ಅಲ್ಲಿ ಓದಿದ್ದು ಖಾಸಗಿ ಶಾಲೆ. 14 ಸಾವಿರ ಫೀಸು ಬಾಕಿ. ಅದನ್ನ ಕಟ್ಟೋವರೆಗೂ ಟಿಸಿ ಕೊಡಲ್ಲ ಅಂತಾರೆ. ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟಿಸಿ ಇಲ್ಲದೆ ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಹೆಸರು ಹತ್ತಲ್ಲ, ತಂದ ಮೇಲೆ ಬನ್ನಿ ಅಂದರು.

ಚಿಕ್ಕವನಿಗೆ ಜೂನ್ 1ಕ್ಕೆ 6 ವರ್ಷ 2 ತಿಂಗಳು. 1ನೇ ತರಗತಿಗೆ ಹೋದರೆ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಭರ್ತಿ ಆಗಿದೆ ಅಂದರು. ಅದರ ಮೇಲೆ ಆಧಾರ್‌ನಲ್ಲಿ ಒಂದು ಹೆಸರು, ಜನನ ಪ್ರಮಾಣ ಪತ್ರದಲ್ಲಿ ಇನ್ನೊಂದು ಹೆಸರು, ತಿದ್ದಿಸಿಕೊಂಡು ಬನ್ನಿ ಅಂತ ಬೇರೆ. ಪಕ್ಕದ ಖಾಸಗಿ ಶಾಲೆಯಲ್ಲಿ ಮಗುವಿಗೆ ಪರೀಕ್ಷೆ ಮಾಡಿ, ಡೊನೇಷನ್ ಎಷ್ಟು ಅಂತಾನೂ ಹೇಳಿದರು.

ಮೇಲ್ಮನವಿ ಅಂತ ಹಾಕೋದಾದರೆ ಯಾರಿಗೆ ಹಾಕಬೇಕು? ತುಮಕೂರಿನ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಗೆ ನೇರ ಹೋದರೆ ಆಗುತ್ತಾ? ಜೂನ್ ಎರಡನೇ ವಾರ ಆಗೋಯ್ತು, ಮಕ್ಕಳು ಮನೇಲಿದ್ದಾರೆ.


ಹಳೇ ಗುಮಾಸ್ತ:

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಬಾಯಲ್ಲಿ "ಇಲ್ಲ" ಅಂದಿದ್ದಕ್ಕೆ ಮೇಲ್ಮನವಿ ಅನ್ನೋದು ಇಲ್ಲ. ನೀವು ಹೇಳಿದ ನಾಲ್ಕು ನಿರಾಕರಣೆಯಲ್ಲಿ ಒಂದೂ ಕಾಗದದ ಮೇಲಿಲ್ಲ. ಹೀಗೇ ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ತಿರ ಹೋದರೆ ಅವರು ಮುಖ್ಯಶಿಕ್ಷಕರಿಗೆ ಫೋನ್ ಮಾಡ್ತಾರೆ, ಅವರು "ನಾವು ಬೇಡ ಅಂದೇ ಇಲ್ಲ ಸಾರ್, ದಾಖಲೆ ತನ್ನಿ ಅಂದ್ವಿ" ಅಂತಾರೆ, ಅಲ್ಲಿಗೆ ಮುಗೀತು. ಮಗು ಮಾತ್ರ ಮನೆಯಲ್ಲೇ.

ಹಾಗಾಗಿ ಮೊದಲ ದಿನದ ಕೆಲಸ ದಾಖಲಾತಿ ಕೋರಿ ಮುಖ್ಯಶಿಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ. ಮಗುವಿಗೊಂದರಂತೆ ಎರಡು ಅರ್ಜಿ, ಒಂದೇ ಹಾಳೆಯಲ್ಲಿ ಇಬ್ಬರನ್ನೂ ತುರುಕಬೇಡಿ, ಕಡತ ಬೇರೆ ಬೇರೆ ಹೋಗುತ್ತೆ. ಪ್ರತಿ ಅರ್ಜಿ ಎರಡು ಪ್ರತಿ. ಒಂದು ಕೊಟ್ಟು ಇನ್ನೊಂದರ ಮೇಲೆ ಶಾಲೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ದಾಖಲೆಗಳ ಜೆರಾಕ್ಸ್ ಮಾತ್ರ ಕೊಡಿ. ಅಸಲು ತೋರಿಸಿ ವಾಪಸ್ ತಗೊಳ್ಳಿ.

ಅರ್ಜಿಯ ಕೊನೆ ಸಾಲೇ ಮುಖ್ಯ. "ದಾಖಲಾತಿ ನೀಡಲು ಸಾಧ್ಯವಿಲ್ಲದಿದ್ದಲ್ಲಿ, ಕಾರಣವನ್ನು ನಮೂದಿಸಿ ಹಿಂಬರಹ ನೀಡಬೇಕೆಂದು ಕೋರುತ್ತೇನೆ." ಹಿಂಬರಹ ಅಂದರೆ ಅರ್ಜಿಗೆ ಕಚೇರಿ ಬರೆದು ಕೊಡೋ ಉತ್ತರ. ಈ ಪದಕ್ಕೆ ಸರ್ಕಾರಿ ಕಚೇರಿಯಲ್ಲಿ ಇರೋ ತೂಕ ಬೇರೆ ಯಾವ ಪದಕ್ಕೂ ಇಲ್ಲ. ಬರೆದು ಕೊಟ್ಟರೆ ಅದಕ್ಕೆ ಕೊಟ್ಟವರು ಜವಾಬ್ದಾರರು ಅಂತ ಎಲ್ಲರಿಗೂ ಗೊತ್ತು. ಅರ್ಧಕ್ಕರ್ಧ ಪ್ರಕರಣ ಇಲ್ಲೇ ಮುಗಿದುಹೋಗ್ತವೆ, "ಬಿಡಿ, ನಾಳೆಯಿಂದ ಕಳಿಸಿ" ಅಂತಾರೆ.

ಈಗ ದೊಡ್ಡ ಹುಡುಗಿಯ ಟಿಸಿ ವಿಷಯ. ಇದು ನಿಮ್ಮ ಕಡೆ ಗಟ್ಟಿ ಇರೋ ಪ್ರಕರಣ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 5 ಎರಡು ಮಾತು ಹೇಳುತ್ತೆ. ಹಳೇ ಶಾಲೆಯ ಮುಖ್ಯಸ್ಥರು ಟಿಸಿಯನ್ನ ಕೂಡಲೇ ಕೊಡಬೇಕು. ಟಿಸಿ ತರೋದು ತಡವಾಯ್ತು ಅನ್ನೋ ಕಾರಣಕ್ಕೆ ಹೊಸ ಶಾಲೆ ದಾಖಲಾತಿಯನ್ನ ತಡ ಮಾಡೋಹಾಗೂ ಇಲ್ಲ, ನಿರಾಕರಿಸೋಹಾಗೂ ಇಲ್ಲ. ಅಂದರೆ ಶಿರಾದ ಶಾಲೆ ಹೇಳಿದ್ದೂ ತಪ್ಪು, ಗೌರಿಬಿದನೂರಿನ ಶಾಲೆ ಹೇಳಿದ್ದೂ ತಪ್ಪು. ಫೀಸು ಬಾಕಿ ಇದ್ದರೆ ಅದನ್ನ ವಸೂಲಿ ಮಾಡೋ ದಾರಿ ಬೇರೆ, ಮಗುವಿನ ಟಿಸಿ ಒತ್ತೆ ಇಟ್ಟುಕೊಳ್ಳೋ ವಸ್ತು ಅಲ್ಲ. ಹಾಗಂತ ಬಾಕಿ ಮನ್ನಾ ಆಯ್ತು ಅಂತಲೂ ಅಲ್ಲ, ಸಾಲ ಸಾಲವೇ.

ಇಲ್ಲಿ ಜನ ಎಡವೋದು ಎಲ್ಲಿ ಅಂದರೆ, ಎರಡೂ ದೂರನ್ನ ಶಿರಾ ಬಿಇಒಗೇ ಕೊಡ್ತಾರೆ. ಟಿಸಿ ಕೊಡದ ಶಾಲೆ ಇರೋದು ಗೌರಿಬಿದನೂರು ತಾಲ್ಲೂಕಲ್ಲಿ. ಅದರ ಮೇಲೆ ಶಿರಾ ಬಿಇಒಗೆ ಅಧಿಕಾರವೇ ಇಲ್ಲ. ಹಾಗಾಗಿ ಎರಡು ದೂರು:

ಒಂದು, ಗೌರಿಬಿದನೂರು ಬಿಇಒಗೆ, ಟಿಸಿ ತಡೆಹಿಡಿದ ಬಗ್ಗೆ. ಜೊತೆಗೆ ಹಳೇ ಶಾಲೆಗೆ ಟಿಸಿ ಕೋರಿ ಕೊಟ್ಟ ಅರ್ಜಿಯ ಪ್ರತಿ, ಮಗುವಿನ ಸ್ಯಾಟ್ಸ್ ಸಂಖ್ಯೆ (ಹಳೇ ಅಂಕಪಟ್ಟಿಯಲ್ಲಿ ಹುಡುಕಿ), ಕಡೇ ಅಂಕಪಟ್ಟಿಯ ಜೆರಾಕ್ಸ್.

ಎರಡು, ಶಿರಾ ಬಿಇಒಗೆ, ಟಿಸಿ ನೆಪ ಹೇಳಿ ದಾಖಲಾತಿ ಕೊಡದ ಬಗ್ಗೆ. ಮೊದಲ ದೂರಿನ ಸ್ವೀಕೃತಿ ಪ್ರತಿಯನ್ನ ಇದಕ್ಕೆ ಲಗತ್ತಿಸಿ. ಪೋಷಕರು ಟಿಸಿಗೆ ಪ್ರಯತ್ನ ಮಾಡಿದ್ದಾರೆ ಅನ್ನೋದು ಅದರಿಂದ ಗೊತ್ತಾಗುತ್ತೆ.

ಸ್ಯಾಟ್ಸ್ ಮಾತು ಸುಳ್ಳು ಅಂತಲ್ಲ. ಹಳೇ ಶಾಲೆ ಆನ್‌ಲೈನ್‌ನಲ್ಲಿ ಮಗುವನ್ನ ಬಿಟ್ಟುಕೊಡದಿದ್ದರೆ ಹೊಸ ಶಾಲೆಯ ಲೆಕ್ಕಕ್ಕೆ ಬರಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲದರ ಲೆಕ್ಕವೂ ದಾಖಲಾತಿ ಸಂಖ್ಯೆಯ ಮೇಲೆ ನಿಂತಿರೋದರಿಂದ ಮುಖ್ಯಶಿಕ್ಷಕರಿಗೆ ಭಯ. ಆದರೆ ಅದು ಕಂಪ್ಯೂಟರಿನ ತೊಂದರೆ, ಮಗುವಿನದಲ್ಲ. ಮಗುವನ್ನ ತರಗತಿಯಲ್ಲಿ ಕೂರಿಸಿ, ದಾಖಲಾತಿ ವಹಿಯಲ್ಲಿ "ಟಿಸಿ ನಿರೀಕ್ಷೆಯಲ್ಲಿ" ಅಂತ ಷರಾ ಬರೆದು, ಬಿಇಒ ಕಚೇರಿಯಲ್ಲಿ ಸ್ಯಾಟ್ಸ್ ನೋಡಿಕೊಳ್ಳೋ ಸಿಬ್ಬಂದಿಗೆ ಪತ್ರ ಹಾಕಬಹುದು. ದೂರಿನಲ್ಲಿ ಇದನ್ನೇ ಕೋರಿಕೆಯಾಗಿ ಬರೀರಿ, ಅಧಿಕಾರಿಗೆ ಆದೇಶ ಬರೆಯೋಕೆ ಸುಲಭ.

ಒಂದು ನಮೂನೆ ಕೊಡ್ತೀನಿ, ಶಿರಾ ಬಿಇಒಗೆ:

"ಇವರಿಂದ: (ಪೋಷಕರ ಹೆಸರು, ಈಗಿನ ವಿಳಾಸ, ಮೊಬೈಲ್)
ಇವರಿಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಶಿರಾ ತಾಲ್ಲೂಕು, ಶಿರಾ
ವಿಷಯ: ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ 6ನೇ ತರಗತಿಗೆ ದಾಖಲಾತಿ ನಿರಾಕರಿಸಿರುವ ಬಗ್ಗೆ
ಉಲ್ಲೇಖ: 1. ಶಾಲೆಗೆ ಸಲ್ಲಿಸಿದ ಅರ್ಜಿ, ದಿನಾಂಕ.... 2. ಗೌರಿಬಿದನೂರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಿದ ದೂರು, ದಿನಾಂಕ....
ಮಾನ್ಯರೇ, ನನ್ನ ಮಗಳು (ಹೆಸರು, ಜನ್ಮ ದಿನಾಂಕ, ಸ್ಯಾಟ್ಸ್ ಸಂಖ್ಯೆ) 5ನೇ ತರಗತಿ ಉತ್ತೀರ್ಣಳಾಗಿದ್ದು, (ಶಾಲೆಯ ಹೆಸರು) ಶಾಲೆಗೆ ದಾಖಲಾತಿ ಕೋರಿ ದಿನಾಂಕ ....ರಂದು ಅರ್ಜಿ ಸಲ್ಲಿಸಿರುತ್ತೇನೆ. ವರ್ಗಾವಣೆ ಪತ್ರ ಇಲ್ಲವೆಂದು ದಾಖಲಾತಿ ನೀಡಿರುವುದಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕರಣ (ಸೆಕ್ಷನ್) 5ಕ್ಕೆ ವಿರುದ್ಧವಾಗಿರುತ್ತದೆ. ಆದ್ದರಿಂದ (ಅ) ಕೂಡಲೇ ದಾಖಲಾತಿ ನೀಡಲು ಮುಖ್ಯಶಿಕ್ಷಕರಿಗೆ ಸೂಚಿಸಬೇಕೆಂದೂ, (ಆ) ಈ ದೂರು ಇತ್ಯರ್ಥವಾಗುವವರೆಗೆ ಮಗುವನ್ನು ತರಗತಿಗೆ ಸೇರಿಸಿಕೊಳ್ಳಲು ಸೂಚಿಸಬೇಕೆಂದೂ, (ಇ) ಸ್ಯಾಟ್ಸ್ ವರ್ಗಾವಣೆಗೆ ಕ್ರಮ ಕೈಗೊಳ್ಳಬೇಕೆಂದೂ ಕೋರುತ್ತೇನೆ."

ಅಷ್ಟೇ. ಒಂದು ಪುಟ ದಾಟಬಾರದು. ಕೂಲಿ, ಕಷ್ಟ, ಶಾಲೆಯವರು ಹೇಗೆ ಮಾತಾಡಿದರು, ಅದ್ಯಾವುದೂ ಬೇಡ. ಬರೆದಷ್ಟೂ ಓದೋರು ಮುಖ್ಯವಾದ್ದನ್ನ ಬಿಟ್ಟು ಉಳಿದಿದ್ದಕ್ಕೆ ಉತ್ತರ ಬರೀತಾರೆ.


ನಂದಿ ತಪ್ಪಲು:

ಗುಮಾಸ್ತರು ಹೇಳಿದ್ದರಲ್ಲಿ ಟಿಸಿ ಭಾಗ ಸರಿಯಿದೆ, ಒಂದು ಸೇರಿಸಬೇಕು. ಸೆಕ್ಷನ್ 5ರ ವರ್ಗಾವಣೆ ಹಕ್ಕು ಎಲ್ಲ ಶಾಲೆಗೂ ಅನ್ವಯಿಸೋದಿಲ್ಲ. ಅನುದಾನರಹಿತ ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆ, ಇವುಗಳಿಗೆ ವರ್ಗ ಮಾಡಿಸಿಕೊಳ್ಳೋ ಹಕ್ಕನ್ನ ಆ ಸೆಕ್ಷನ್ನೇ ಹೊರಗಿಟ್ಟಿದೆ. ಈ ಹುಡುಗಿ ಖಾಸಗಿಯಿಂದ ಸರ್ಕಾರಿಗೆ ಹೋಗ್ತಿರೋದರಿಂದ ಸೆಕ್ಷನ್ 5 ಪೂರ್ತಿ ಸಿಗುತ್ತೆ. ಖಾಸಗಿಯಿಂದ ಖಾಸಗಿಗೆ ಹೋಗೋರು ಇದೇ ನಮೂನೆ ನಕಲು ಮಾಡಿದರೆ ಬಿಇಒ ಕಚೇರಿಯಲ್ಲಿ ತಿರುಗಿಸಿ ಹೇಳ್ತಾರೆ. ಇನ್ನೊಂದು, ಇದೆಲ್ಲ 8ನೇ ತರಗತಿವರೆಗೆ ಮಾತ್ರ. 9ನೇ ತರಗತಿ ದಾಖಲಾತಿಗೆ ಶಿಕ್ಷಣ ಹಕ್ಕು ಕಾಯ್ದೆ ಉಲ್ಲೇಖಿಸಿ ಅರ್ಜಿ ಕೊಟ್ಟರೆ ಆ ಉಲ್ಲೇಖ ನಿಲ್ಲಲ್ಲ.

ಈಗ ಚಿಕ್ಕ ಹುಡುಗ. ಇಲ್ಲಿ ಮೂರು ವಿಷಯ ಕಲಸಿಹೋಗಿವೆ.

ವಯಸ್ಸು: ಕರ್ನಾಟಕದಲ್ಲಿ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋದು 2022ರ ಆದೇಶ. ಅದನ್ನ ಜಾರಿ ಮಾಡೋದು ಮುಂದಕ್ಕೆ ಹೋಗಿ, 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಈ ಹುಡುಗನಿಗೆ 6 ದಾಟಿರೋದರಿಂದ ತಕರಾರೇ ಇಲ್ಲ. ಇದು ಬರೀ ದಾಖಲಾತಿ ನಿಯಮದ ಮಾತಲ್ಲ. ಕಾಯ್ದೆಯಲ್ಲಿ "ಮಗು" ಅಂದರೆ 6ರಿಂದ 14 ವರ್ಷ. 6 ತುಂಬಿದ್ದಕ್ಕೇ ಸೆಕ್ಷನ್ 15ರ ರಕ್ಷಣೆ, ಅಂದರೆ ತಡವಾಗಿ ಬಂದರೂ ದಾಖಲಾತಿ ನಿರಾಕರಿಸಬಾರದು ಅನ್ನೋದು, ಸಿಗುತ್ತೆ. ಎಲ್‌ಕೆಜಿ, ಯುಕೆಜಿ ಸೀಟು ಸಿಗಲಿಲ್ಲ ಅಂತ ಇದೇ ಕಾಯ್ದೆ ಹಿಡಿದು ಮೇಲ್ಮನವಿ ಹಾಕೋರಿಗೆ ಮೊದಲ ತೊಡಕು ಇದೇ.

ಆಧಾರ್: ಹೆಸರು ತಿದ್ದಿಸೋವರೆಗೂ ಬೇಡ ಅನ್ನೋಹಾಗಿಲ್ಲ. 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತಲೇ ಇದೆ. ವಯಸ್ಸಿಗೆ ಜನನ ಪ್ರಮಾಣ ಪತ್ರ. ಅದೂ ಇಲ್ಲದಿದ್ದರೆ ಅಂಗನವಾಡಿ ದಾಖಲೆ, ಆಸ್ಪತ್ರೆ ಅಥವಾ ಎಎನ್‌ಎಂ (ಆರೋಗ್ಯ ಸಹಾಯಕಿ) ವಹಿಯ ದಾಖಲೆ, ಏನೂ ಇಲ್ಲದಿದ್ದರೆ ಪೋಷಕರ ಘೋಷಣೆ. ಸೆಕ್ಷನ್ 14 ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ದಾಖಲಾತಿ ನಿರಾಕರಿಸೋಹಾಗಿಲ್ಲ. ಆದರೂ ಆಧಾರ್ ಹೆಸರು ಆಮೇಲಾದರೂ ಸರಿಮಾಡಿಸಿ. ವಿದ್ಯಾರ್ಥಿವೇತನದ ಹೊತ್ತಿಗೆ ಹೆಸರು ಹೊಂದದೆ ಅರ್ಜಿ ಬಿದ್ದುಹೋಗುತ್ತೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿವರೆಗೂ ಆ ತಲೆನೋವು ಬರುತ್ತೆ. ದಾಖಲಾತಿ ವಹಿಯಲ್ಲಿ ಜನನ ಪ್ರಮಾಣ ಪತ್ರದ ಹೆಸರನ್ನೇ, ಇನಿಷಿಯಲ್ ಸಮೇತ, ಅಕ್ಷರ ಬಿಡದೆ ಬರೆಸಿ. ಅಲ್ಲಿ ಬರೆದಿದ್ದನ್ನ ಮುಂದೆ ತಿದ್ದಿಸೋದು ಆಧಾರ್ ತಿದ್ದಿಸೋದಕ್ಕಿಂತ ಕಷ್ಟ.

ಸೀಟು: ಇಲ್ಲಿ ಹುಷಾರು. ಕಾಯ್ದೆ ಕೊಡೋದು ನೆರೆಹೊರೆಯ ಶಾಲೆಯಲ್ಲಿ ಓದೋ ಹಕ್ಕು. ರಾಜ್ಯದ ನಿಯಮದಲ್ಲಿ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್. ಇಂಥದ್ದೇ ಶಾಲೆಯ ಇಂಥದ್ದೇ ಮಾಧ್ಯಮದ ಸೆಕ್ಷನ್ ಬೇಕು ಅನ್ನೋ ಹಕ್ಕು ಅದರಲ್ಲಿಲ್ಲ. ಸರ್ಕಾರಿ ಶಾಲೆಗಳಲ್ಲಿ 2019-20ರಿಂದ ಶುರುವಾದ ಇಂಗ್ಲಿಷ್ ಮಾಧ್ಯಮ ತರಗತಿಗಳಿಗೆ 30ರ ಮಿತಿ ಇಟ್ಟೇ ಮಾಡಿದ್ದು. ಹಾಗಾಗಿ "ಇಂಗ್ಲಿಷ್ ಸೆಕ್ಷನ್ ಭರ್ತಿ" ಅಂದರೆ ಅದನ್ನ ಎಳೆದಾಡಿ ಗೆಲ್ಲೋದು ಕಷ್ಟ. "ಶಾಲೆಯಲ್ಲೇ ಜಾಗ ಇಲ್ಲ" ಅಂದರೆ ಮಾತ್ರ ಅದು ತಪ್ಪು, ಸರ್ಕಾರಿ ಶಾಲೆ ಹಾಗೆ ಹೇಳೋಹಾಗಿಲ್ಲ. ಮಕ್ಕಳು ಜಾಸ್ತಿ ಆದರೆ ಶಿಕ್ಷಕರನ್ನ ಹೆಚ್ಚಿಸಬೇಕು. 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಅಂತ ಕಾಯ್ದೆಯ ಅನುಸೂಚಿಯಲ್ಲೇ ಲೆಕ್ಕ ಇದೆ. ಕೇಳಿ ನೋಡಿ, ಅವರು ನಿಜವಾಗಿ ಹೇಳಿದ್ದು ಯಾವುದು ಅಂತ. ಬರೀ ಇಂಗ್ಲಿಷ್ ಸೆಕ್ಷನ್ ಆಗಿದ್ದರೆ ಕನ್ನಡ ಮಾಧ್ಯಮಕ್ಕೆ ಈಗಲೇ ಸೇರಿಸಿ, ಅದರ ಜೊತೆಗೇ "ಇಂಗ್ಲಿಷ್ ಮಾಧ್ಯಮದಲ್ಲಿ ಸ್ಥಾನ ತೆರವಾದರೆ ಪರಿಗಣಿಸಬೇಕು" ಅಂತ ಅರ್ಜಿ ಕೊಡಿ. ಜೂನ್ ಮುಗಿಯೋದರೊಳಗೆ ಖಾಸಗಿ ಕಡೆಗೆ ಹೋಗೋ ಮಕ್ಕಳು ಇದ್ದೇ ಇರ್ತಾರೆ.

ಖಾಸಗಿ ಶಾಲೆಯ ಪರೀಕ್ಷೆ, ಡೊನೇಷನ್ ಬಗ್ಗೆ: ಸೆಕ್ಷನ್ 13 ಎರಡನ್ನೂ ನಿಷೇಧಿಸಿದೆ. ಕ್ಯಾಪಿಟೇಷನ್ ಫೀ (ಡೊನೇಷನ್) ತಗೊಂಡರೆ ಅದರ 10 ಪಟ್ಟುವರೆಗೂ ದಂಡ. ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿದರೆ ಮೊದಲ ಸಲ 25 ಸಾವಿರದವರೆಗೆ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಆದರೆ ಇದು ಶಾಲೆಗೆ ಶಿಕ್ಷೆ, ನಿಮಗೆ ಸೀಟಲ್ಲ. ಅನುದಾನರಹಿತ ಶಾಲೆಯ ಸಾಮಾನ್ಯ ಸೀಟು ಕೊಡಲಿಲ್ಲ ಅಂತ ಮೇಲ್ಮನವಿ ಹಾಕಿ ಸೀಟು ಪಡೆಯೋ ದಾರಿ ಈ ಕಾಯ್ದೆಯಲ್ಲಿಲ್ಲ. ದೂರು ಕೊಡೋದಾದರೆ ರಸೀದಿ, ಮೆಸೇಜು, ಪ್ರಶ್ನೆಪತ್ರಿಕೆ ಯಾವುದಾದರೂ ಒಂದು ಕೈಯಲ್ಲಿರಲಿ.

ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಇಡೋ 25 ಪರ್ಸೆಂಟ್ ಉಚಿತ ಸೀಟಿನ ಆಸೆಯನ್ನೂ ಈಗಲೇ ಬಿಡಿ ಅಂತ ಹೇಳಬೇಕು. ರಾಜ್ಯದ ನಿಯಮ ತಿದ್ದುಪಡಿಯಾದ ಮೇಲೆ, ಅಂದರೆ 2019-20ರಿಂದ, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆ ಆ ಸೀಟು ಕೊಡಬೇಕಾಗಿಲ್ಲ. ಹೈಕೋರ್ಟ್ 2019ರ ಮೇ 31ರಂದು ಅದನ್ನ ಎತ್ತಿಹಿಡಿಯಿತು. ಶಿರಾ ಟೌನಿನಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡು ಹುಡುಕೋದು ಎಲ್ಲಿಂದ?

ಅಂದಹಾಗೆ, ಡೊನೇಷನ್ ಮಾತು ಬಂತಲ್ಲ. ಇಡೀ ದೇಶದಲ್ಲಿ ಶಿಕ್ಷಣ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು 1992ರ ಮೋಹಿನಿ ಜೈನ್ ಪ್ರಕರಣದಲ್ಲಿ. ಅದು ಹುಟ್ಟಿದ್ದು ನಮ್ಮ ತುಮಕೂರಿನ ಒಂದು ಮೆಡಿಕಲ್ ಕಾಲೇಜಿನ 60 ಸಾವಿರ ರೂಪಾಯಿ ಫೀಸಿನಿಂದ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನ 14 ವರ್ಷದವರೆಗಿನ ಮಕ್ಕಳಿಗೆ ಕಟ್ಟಿಹಾಕಿತು, 2002ರಲ್ಲಿ ಸಂವಿಧಾನಕ್ಕೆ ಶಿಕ್ಷಣದ ಹಕ್ಕಿನ 21ಎ ವಿಧಿ ಸೇರಿತು, 2009ರಲ್ಲಿ ಈ ಕಾಯ್ದೆ. 14 ಅನ್ನೋ ಗೆರೆ ಎಲ್ಲಿಂದ ಬಂತು ಅಂತ ಕೇಳೋರಿಗೆ ಉತ್ತರ ಅಲ್ಲಿದೆ.


ಶಿರಾ ಪೇಟೆ:

ಇಬ್ಬರಿಗೂ ಥ್ಯಾಂಕ್ಸ್. ಶಾಲೆಯವರು ಹೇಳಿದ್ದು ಇಂಗ್ಲಿಷ್ ಸೆಕ್ಷನ್ ಅಂತಲೇ, ವಿಚಾರಿಸಿದೆ. ಕನ್ನಡ ಮಾಧ್ಯಮಕ್ಕೆ ಸೇರಿಸೋಕೆ ಮನೆಯವರು ಒಪ್ಪಿದ್ದಾರೆ. ದೊಡ್ಡವಳದ್ದು ಬಿಇಒ ಹತ್ತಿರ ಆಗದಿದ್ದರೆ ಮುಂದೆ? ಮತ್ತೆ, ತಂದೆ ತಾಯಿ ದಿನಾ ಕೂಲಿ ಬಿಟ್ಟು ಓಡಾಡೋಕಾಗಲ್ಲ. ಅವರ ಬದಲು ನಾನೇ ದೂರು ಕೊಡಬಹುದಾ?


ಕಳ್ಳಂಬೆಳ್ಳ ಏರಿ:

ಕೊಡಬಹುದು. ದೂರಿನ ಬಗ್ಗೆ ಹೇಳೋ ಅದೇ ಕಾಯ್ದೆಯ ಸೆಕ್ಷನ್ 32ರಲ್ಲಿ "ಯಾವುದೇ ವ್ಯಕ್ತಿ" ಅಂತಿದೆ, ಪೋಷಕರೇ ಆಗಬೇಕು ಅಂತಿಲ್ಲ. ಆದರೆ ಟಿಸಿ ಅರ್ಜಿಗೆ ಮಾತ್ರ ಪೋಷಕರ ಸಹಿ ಇರಲೇಬೇಕು, ಬೇರೆಯವರ ಕೈಗೆ ಟಿಸಿ ಕೊಡಲ್ಲ, ಕೊಡಲೂಬಾರದು. ದೂರಿಗೂ ಒಬ್ಬರು ಪೋಷಕರ ಸಹಿ ಹಾಕಿಸಿ, ಓಡಾಟ ನೀವು ಮಾಡಿ. "ನನ್ನ ಪರವಾಗಿ ಇಂಥವರು ಹಾಜರಾಗುತ್ತಾರೆ" ಅಂತ ಒಂದು ಸಾಲಿನ ಅಧಿಕಾರ ಪತ್ರ ಇಟ್ಟುಕೊಳ್ಳಿ.

ನಿಮ್ಮ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಹೇಳಿಲ್ಲ. ತುಮಕೂರಿನ ಡಿಡಿಪಿಐ ಕಚೇರಿಗೆ ಹೋಗಬೇಡಿ! ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿಗೆ ಡಿಡಿಪಿಐ ಕಚೇರಿ ಇರೋದು ಮಧುಗಿರಿಯಲ್ಲಿ. ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಚಿಕ್ಕನಾಯಕನಹಳ್ಳಿಗೆ ತುಮಕೂರು. ಪಾವಗಡದಿಂದ ಮಧುಗಿರಿ ದಾಟಿಕೊಂಡೇ ತುಮಕೂರಿಗೆ ಬಂದು, ಇಲ್ಲಿ ಟಪಾಲು ತಗೊಳ್ಳಲ್ಲ ಅಂತ ಗೊತ್ತಾಗಿ ಅದೇ ರಸ್ತೆಯಲ್ಲಿ ವಾಪಸ್ ಹೋಗೋರು ಪ್ರತಿ ಜೂನ್‌ನಲ್ಲೂ ಇರ್ತಾರೆ. ಟಿಸಿ ದೂರು ಮೇಲಕ್ಕೆ ಹೋಗೋದಾದರೆ ಅದು ಚಿಕ್ಕಬಳ್ಳಾಪುರ ಡಿಡಿಪಿಐಗೆ, ಗೌರಿಬಿದನೂರು ಆ ಜಿಲ್ಲೆ.

ಕಾನೂನಿನ ಏಣಿ ಸ್ವಲ್ಪ ಬೇರೆ ಥರ ಇದೆ. ಸೆಕ್ಷನ್ 32ರ ಪ್ರಕಾರ ಲಿಖಿತ ದೂರು ಹೋಗಬೇಕಾದ್ದು "ಸ್ಥಳೀಯ ಪ್ರಾಧಿಕಾರ"ಕ್ಕೆ. ಹಳ್ಳಿಯಲ್ಲಿ ಪಂಚಾಯಿತಿ, ಟೌನಿನಲ್ಲಿ ನಗರಸಭೆ. ಆದರೆ ಶಾಲೆಗೆ ನಿಜವಾಗಿ ಸೂಚನೆ ಕೊಡೋ ಕೈ ಬಿಇಒದು. ಅದಕ್ಕೇ ದೂರಿನ "ಇವರಿಗೆ" ಜಾಗದಲ್ಲಿ ಇಬ್ಬರನ್ನೂ ಬರೆಯಿರಿ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಮತ್ತು ಪೌರಾಯುಕ್ತರು, ನಗರಸಭೆ, ಶಿರಾ. ಎರಡೂ ಕಡೆ ಟಪಾಲಿಗೆ ಕೊಟ್ಟು ಎರಡೂ ಕಡೆಯ ಇನ್ವರ್ಡ್ ನಂಬರ್ ಬರೆಸಿಕೊಳ್ಳಿ. ನಗರಸಭೆಯವರು "ಇದು ನಮ್ಮದಲ್ಲ" ಅನ್ನಬಹುದು, ಅನ್ನಲಿ, ಸೀಲು ಹಾಕಲಿ ಸಾಕು. ಮುಂದೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋದಾಗ "ಮೊದಲು ಸ್ಥಳೀಯ ಪ್ರಾಧಿಕಾರಕ್ಕೆ ಹೋಗಿದ್ದೀರಾ" ಅನ್ನೋ ಪ್ರಶ್ನೆಗೆ ಆ ಸೀಲೇ ಉತ್ತರ.

ಆ ಪ್ರಾಧಿಕಾರಕ್ಕೆ ತೀರ್ಮಾನ ಮಾಡೋಕೆ 3 ತಿಂಗಳು ಅವಕಾಶ, ಎರಡೂ ಕಡೆಯವರ ಮಾತು ಕೇಳಿ ತೀರ್ಮಾನಿಸಬೇಕು. 3 ತಿಂಗಳು ಅಂದರೆ ಸೆಪ್ಟೆಂಬರ್, ಅರ್ಧವಾರ್ಷಿಕ ಪರೀಕ್ಷೆ ಹತ್ತಿರ. ಗುಮಾಸ್ತರ ನಮೂನೆಯ (ಆ) ಕೋರಿಕೆ, ಇತ್ಯರ್ಥದವರೆಗೆ ತರಗತಿಗೆ ಸೇರಿಸಿಕೊಳ್ಳಿ ಅನ್ನೋದು, ಇದಕ್ಕೇ ಬೇಕು. ಬಹಳ ಜನ ಅದನ್ನ ಬಿಡ್ತಾರೆ.

ತೀರ್ಮಾನ ವಿರುದ್ಧ ಬಂದರೆ ಅಥವಾ ಬರದೇ ಹೋದರೆ ಮೇಲ್ಮನವಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ, ಬೆಂಗಳೂರು. ವಕೀಲರು ಬೇಕಿಲ್ಲ. ಮೇಲ್ಮನವಿಯಲ್ಲಿ ದಿನಾಂಕದ ಪಟ್ಟಿ ಹಾಕಿ: ಶಾಲೆಗೆ ಅರ್ಜಿ ಎಂದು, ಹಿಂಬರಹ ಎಂದು ಅಥವಾ ಬರಲೇ ಇಲ್ಲ, ಬಿಇಒಗೆ ಎಂದು, ನಗರಸಭೆಗೆ ಎಂದು, ಇನ್ವರ್ಡ್ ನಂಬರ್ ಎಷ್ಟು. ಪ್ರತಿ ಸಾಲಿಗೂ ಒಂದು ಅನುಬಂಧ. ವಿಚಾರಣೆಯಲ್ಲಿ ಅಧಿಕಾರಿಗಳನ್ನ ಕರೆಸೋಕೆ, ಕಡತ ತರಿಸೋಕೆ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಆದರೆ ಕೊನೆಗೆ ಅದು ಕೊಡೋದು ಶಿಫಾರಸು, ಕೋರ್ಟಿನ ಡಿಕ್ರಿ ಅಲ್ಲ. ಇಲಾಖೆ ಸಾಮಾನ್ಯವಾಗಿ ಪಾಲಿಸುತ್ತೆ, ಪಾಲಿಸದಿದ್ದರೆ ಉಳಿಯೋದು ಹೈಕೋರ್ಟಿನಲ್ಲಿ ರಿಟ್.

ಅಲ್ಲಿವರೆಗೂ ಹೋಗಬೇಕಾಗಿ ಬಂದರೆ ದುಡ್ಡಿಲ್ಲ ಅಂತ ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನ ಕೊಡ್ತಾರೆ. ಅರ್ಜಿ ತಾಯಿಯ ಹೆಸರಲ್ಲೋ ಮಗುವಿನ ಹೆಸರಲ್ಲೋ ಇದ್ದರೆ ಆದಾಯ ಪ್ರಮಾಣ ಪತ್ರದ ತಂಟೆಯೇ ಇಲ್ಲ. ಶಿರಾ ಕೋರ್ಟಿನಲ್ಲೇ ತಾಲ್ಲೂಕು ಸಮಿತಿ ಇದೆ. ವಕೀಲರ ಒಂದು ಪತ್ರ ಹೋದರೆ ಗೌರಿಬಿದನೂರಿನ ಟಿಸಿ ಬೇಗ ಬರೋ ಸಾಧ್ಯತೆ ಹೆಚ್ಚು.

ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸೋದು ಒಳ್ಳೇದೇ, ನಂಬರ್ ಸಿಗುತ್ತೆ. ಆದರೆ ಅದು ಸೆಕ್ಷನ್ 32ರ ದೂರಲ್ಲ. ಕಾಗದದ ದೂರಿನ ಜೊತೆಗೆ ಮಾಡಿ, ಬದಲಿಗೆ ಬೇಡ.

ಇಂಗ್ಲಿಷ್ ಸೆಕ್ಷನ್ ನಿಜವಾಗಿ 30 ಭರ್ತಿಯಾಗಿದೆಯಾ ಅಂತ ಅನುಮಾನ ಇದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಆದರೆ ಅದೂ ಬೇಡ, ಕಾರ್ಡಿನ ಜೆರಾಕ್ಸ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅದನ್ನ ಮೀರಿದ್ದಕ್ಕೇ ತಿರಸ್ಕರಿಸಿದ ಅರ್ಜಿಗಳು ಬೇಕಾದಷ್ಟಿವೆ. ಮಕ್ಕಳ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಅಂತ ಕೊಡಲ್ಲ. "1ನೇ ತರಗತಿ ಇಂಗ್ಲಿಷ್ ಮಾಧ್ಯಮಕ್ಕೆ ಈ ಸಾಲಿನಲ್ಲಿ ದಾಖಲಾದ ಮಕ್ಕಳ ಸಂಖ್ಯೆ, ಪ್ರತಿಯೊಂದರ ದಾಖಲಾತಿ ದಿನಾಂಕ" ಅಂತ ಕೇಳಿ. ನಿಮ್ಮ ಅರ್ಜಿಯ ದಿನಾಂಕದ ನಂತರ ಯಾರಾದರೂ ಸೇರಿದ್ದರೆ ಅದೊಂದೇ ಸಾಲು ಸಾಕು. ಉತ್ತರಕ್ಕೆ 30 ದಿನ.


ಅಂತರಗಂಗೆ:

ಈ ಕುಟುಂಬಕ್ಕೆ ನೇರ ಸಂಬಂಧ ಇಲ್ಲ, ಆದರೆ ಇದನ್ನ ಓದಿಕೊಂಡು ಇನ್ನೊಬ್ಬರು ಬರ್ತಾರೆ, ಅದಕ್ಕೆ ಬರೀತೀನಿ.

ಮಾಲೂರು ಕಡೆ ಇಟ್ಟಿಗೆ ಗೂಡಿಗೆ ಬಂದವರ ಮಕ್ಕಳು, ಶಾಲೆಗೇ ಹೋಗದವರು ಅಥವಾ ನಡುವೆ ಬಿಟ್ಟವರು: 10 ವರ್ಷದ ಮಗುವನ್ನ 1ನೇ ತರಗತಿಗೆ ಹಾಕ್ತೀವಿ ಅಂದರೆ ಅದು ತಪ್ಪು. ಸೆಕ್ಷನ್ 4 ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು, ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ವರ್ಷದ ನಡುವೆ ಬಂದರೂ ಸೆಕ್ಷನ್ 15 ಬಾಗಿಲು ಹಾಕೋಕೆ ಬಿಡಲ್ಲ, "ದಾಖಲಾತಿ ಮುಗಿದಿದೆ" ಅನ್ನೋ ಮಾತು 6ರಿಂದ 14ರ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಇಲ್ಲ. ಸಿಆರ್‌ಪಿಗೆ (ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಹೆಸರು ಸೇರಿದರೆ ಅವರೇ ಹಿಂದೆ ಬೀಳ್ತಾರೆ.

ಆಂಧ್ರದಿಂದ ಬರೋ ಮಕ್ಕಳು, ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡ ಕಡೆ ದಿನನಿತ್ಯದ ಮಾತು: ವರ್ಗಾವಣೆ ಹಕ್ಕು ರಾಜ್ಯದ ಹೊರಗಿಂದ ಬಂದರೂ ಅಷ್ಟೇ ಅನ್ವಯ. ಬೇರೆ ರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳೋದು ವಾಡಿಕೆ, ಊರು ಬಿಡೋ ಮೊದಲೇ ಹಾಕಿಸಿಕೊಂಡರೆ ಒಂದು ಓಡಾಟ ಉಳಿಯುತ್ತೆ. ಕನ್ನಡ ಬರಲ್ಲ ಅನ್ನೋದು ನಿರಾಕರಣೆಗೆ ಕಾರಣವಲ್ಲ.

ಅಂಗವಿಕಲ ಮಗು: "ನಮ್ಮಲ್ಲಿ ವಿಶೇಷ ಶಿಕ್ಷಕರಿಲ್ಲ, ಮನೆಯಲ್ಲೇ ಇರಲಿ, ಗೃಹಾಧಾರಿತ ಶಿಕ್ಷಣಕ್ಕೆ ಹೆಸರು ಬರೀತೀವಿ" ಅನ್ನೋದು ತುಂಬಾ ಸಲೀಸಾಗಿ ಬರೋ ಮಾತು. ಗೃಹಾಧಾರಿತ ಶಿಕ್ಷಣ ತೀವ್ರ ಅಥವಾ ಬಹುವಿಧ ನ್ಯೂನತೆ ಇರೋ ಮಗುವಿನ ಆಯ್ಕೆ, ಶಾಲೆಯ ಆಯ್ಕೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ. 40 ಮತ್ತು ಮೇಲ್ಪಟ್ಟ ನ್ಯೂನತೆ ಇದ್ದರೆ ಉಚಿತ ಶಿಕ್ಷಣದ ವಯಸ್ಸು 6ರಿಂದ 18. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಅನ್ನೋದು ಮಗುವಿನ ಕಡೆಯವರಿಗೆ ಬಿಟ್ಟಿದ್ದು. ದೂರಿನಲ್ಲಿ ಎರಡೂ ಕಾಯ್ದೆ ಉಲ್ಲೇಖಿಸಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಒಂದು ಪ್ರತಿಯನ್ನ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಕಳಿಸಿ. ತಾಲ್ಲೂಕಿನ ಬಿಐಇಆರ್‌ಟಿ (ಅಂಗವಿಕಲ ಮಕ್ಕಳ ಕಲಿಕೆ ನೋಡಿಕೊಳ್ಳೋ) ಶಿಕ್ಷಕರನ್ನ ಮೊದಲೇ ಭೇಟಿ ಮಾಡಿದರೆ ಮುಖ್ಯಶಿಕ್ಷಕರ ಅರ್ಧ ಭಯ ಅಲ್ಲೇ ಹೋಗುತ್ತೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ, ನವೋದಯ ಇವು ಬೇರೆ ಲೋಕ. ಪ್ರವೇಶ ಪರೀಕ್ಷೆ, ಅಂಕ, ಮೀಸಲಾತಿ ಪಟ್ಟಿ. ಅಲ್ಲಿ ಸೀಟು ಸಿಗಲಿಲ್ಲ ಅಂತ ಸೆಕ್ಷನ್ 15 ಹಾಕಿದರೆ ನಡೆಯಲ್ಲ. ಅರ್ಜಿಯಲ್ಲಿ ಜಾತಿ ಪ್ರಮಾಣ ಪತ್ರದ ಮೇಲಿರೋ ಆರ್‌ಡಿ ಸಂಖ್ಯೆ ತಪ್ಪಾಗಿ ಮೀಸಲಾತಿ ತಪ್ಪಿದ್ದರೆ, ಆಕ್ಷೇಪಣೆಗೆ ಕೊಟ್ಟ ದಿನಗಳಲ್ಲೇ ಹಿಡಿಯಬೇಕು.


ಶಿರಾ ಪೇಟೆ:

ನಾಳೆ ಶಾಲೆಗೆ ಅರ್ಜಿ ಕೊಡ್ತೀವಿ. ಒಂದೇ ಅನುಮಾನ: ಅರ್ಜಿ ತಗೊಂಡು ಸೀಲು ಹಾಕಲ್ಲ ಅಂದರೆ? ಗೌರಿಬಿದನೂರಿನ ಶಾಲೆ ಖಂಡಿತ ಹಾಗೇ ಮಾಡುತ್ತೆ.


ಹಳೇ ಗುಮಾಸ್ತ:

ಜಗಳ ಬೇಡ, ಅಂಚೆಗೆ ಹಾಕಿ. ಈಗ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್, ಡೆಲಿವರಿ ಆಗಿದ್ದಕ್ಕೆ ಪುರಾವೆ ಬೇಕು ಅಂತ ಬಾಯಿಬಿಟ್ಟು ಕೇಳಿ. ಲಕೋಟೆಯ ಮೇಲೆ "ಮುಖ್ಯಶಿಕ್ಷಕರು" ಅಂತ ಹುದ್ದೆ ಬರೀರಿ, ವ್ಯಕ್ತಿಯ ಹೆಸರು ಬೇಡ. ಹೆಸರು ಬರೆದರೆ ಅವರು ರಜೆ ಅಂತ ವಾಪಸ್ ಬರುತ್ತೆ. ಲಕೋಟೆಯ ಎಡಗಡೆ ಮೇಲೆ "ಟಿಸಿ ಕೋರಿ ಅರ್ಜಿ, ಮಗುವಿನ ಹೆಸರು, ತರಗತಿ" ಅಂತ ಬರೆದು, ಅಂಟಿಸೋ ಮೊದಲು ಒಳಗಿನ ಹಾಳೆಯದೂ ಅಂಟಿಸಿದ ಮೇಲೆ ಲಕೋಟೆಯದೂ ಫೋಟೋ ತೆಗೆದಿಟ್ಟುಕೊಳ್ಳಿ. ರಸೀದಿಯ ಅಕ್ಷರ ಬೇಗ ಮಾಸುತ್ತೆ, ಅದೇ ದಿನ ಜೆರಾಕ್ಸ್ ಮಾಡಿಸಿ. ತಗೊಳ್ಳೋಕೆ ಒಪ್ಪದೆ ವಾಪಸ್ ಬಂದರೆ ಲಕೋಟೆ ಒಡೀಬೇಡಿ. "ನಿರಾಕರಿಸಿದ್ದಾರೆ" ಅನ್ನೋ ಅಂಚೆಯವರ ಷರಾ ಸಮೇತ ಹಾಗೇ ಬಿಇಒ ಮೇಜಿನ ಮೇಲಿಡಿ.

ಇನ್ನೊಂದು. ಹಳೇ ಶಾಲೆಯವರು ಟಿಸಿ ಕೊಡೋ ಹೊತ್ತಿಗೆ ಅಚ್ಚು ಹಾಕಿದ ಒಂದು ಕಾಗದಕ್ಕೆ ಸಹಿ ಕೇಳಬಹುದು, ಬಾಕಿಯನ್ನ ಬಡ್ಡಿ ಸಮೇತ ಒಪ್ಪಿದ್ದೇನೆ ಅಂತಲೋ, ಯಾವ ದೂರೂ ಇಲ್ಲ ಅಂತಲೋ. ಓದದೆ ಸಹಿ ಹಾಕಬೇಡಿ. 14 ಸಾವಿರ ಸರಿಯಾದ ಲೆಕ್ಕವೇ ಆಗಿದ್ದರೆ ಕಂತಿನಲ್ಲಿ ಕಟ್ಟುತ್ತೇವೆ ಅಂತ ನೀವೇ ಒಂದು ಪತ್ರ ಬರೆದು ಕೊಡಿ, ಅದಕ್ಕೂ ಸ್ವೀಕೃತಿ ತಗೊಳ್ಳಿ. ಟಿಸಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಜನ್ಮ ದಿನಾಂಕ, ಹೆಸರಿನ ಅಕ್ಷರ, ಸ್ಯಾಟ್ಸ್ ಸಂಖ್ಯೆ, ಓದಿದ ತರಗತಿ ನೋಡಿ. ತಪ್ಪಿದ್ದರೆ ಶಿರಾಗೆ ಬಂದ ಮೇಲೆ ಅಲ್ಲ, ಗೌರಿಬಿದನೂರಿನ ಆ ಕೌಂಟರಿನಲ್ಲೇ ತಿದ್ದಿಸಬೇಕು.